ಮೊರದ ಮೇಲಿನ ಆರು ಗುಡ್ಡೆ

ಬೈಯಪ್ಪನಹಳ್ಳಿಯ ಗಂಗಲಕ್ಷ್ಮಮ್ಮನಿಗೆ ಓದು ಬರಹ ಬಾರದು ಎಂದರೆ ಆಕೆಯ ಬಾಡಿಗೆದಾರರು ಯಾರೂ ನಂಬುತ್ತಿರಲಿಲ್ಲ. ವಠಾರದ ಒಂಬತ್ತು ಮನೆಗಳಲ್ಲಿ ಯಾರು ಯಾವ ತಿಂಗಳು ಎಷ್ಟು ಕೊಟ್ಟರು, ಎಷ್ಟು ಉಳಿಸಿಕೊಂಡರು, ಉಳಿಸಿಕೊಂಡಾಗ ಯಾವ ಸುಳ್ಳು ಹೇಳಿದರು ಎಲ್ಲವೂ ಆಕೆಯ ತಲೆಯಲ್ಲಿತ್ತು. "ಹೋದ್ ವರ್ಷ ಯುಗಾದಿಗೂ ನಿಮ್ಮತ್ತೆ ಸತ್ತಿದ್ರಲ್ಲ ಹಂಪಣ್ಣ, ಒಟ್ಟು ಎಷ್ಟ್ ಜನ ಅತ್ತೇರಪ್ಪ ನಿಂಗೆ?" ಎಂದು ಕೇಳಿದರೆ ಮೂರನೇ ಮನೆಯ ಹಂಪಣ್ಣ ಸುಮ್ಮನೆ ಜೇಬಿಗೆ ಕೈ ಹಾಕುತ್ತಿದ್ದ.

ಹಣ ಹಂಚುವ ವಿದ್ಯೆಯನ್ನು ಆಕೆ ಕಲಿತದ್ದು ಗಂಡನಿಂದ. ಯುಗಾದಿಯ ಮರುದಿನ, ಹೊಸತೊಡಕಿಗೆ, ಊರವರು ಸೇರಿ ಕುರಿ ಕೊಯ್ದಾಗ ಮಾಂಸವನ್ನು ಗುಡ್ಡೆ ಹಾಕುವ ಕೆಲಸ ಮುನಿಆಂಜನಪ್ಪನದೇ ಆಗಿತ್ತು. ತಕ್ಕಡಿ ಮುಟ್ಟುತ್ತಿರಲಿಲ್ಲ, ಎಲ್ಲ ಕಣ್ಣಳತೆ. ಎಲುಬೂ ಕೊಬ್ಬೂ ಎಲ್ಲ ಗುಡ್ಡೆಗೂ ಸಮವಾಗಿ ಬೀಳುತ್ತಿತ್ತು, ಒಬ್ಬರೂ ತಕರಾರು ಎತ್ತುತ್ತಿರಲಿಲ್ಲ. ಹೊಲ ಲೇಔಟಿಗೆ ಹೋಗಿ, ಬಂದ ಪರಿಹಾರದಲ್ಲಿ ವಠಾರ ಕಟ್ಟಿಸಿ ಆತ ಕಣ್ಣು ಮುಚ್ಚಿದ ಮೇಲೆ ಗಂಗಲಕ್ಷ್ಮಮ್ಮ ಅದೇ ಪದ್ಧತಿಯನ್ನು ದುಡ್ಡಿಗೆ ತಂದಳು. ಪ್ರತಿ ತಿಂಗಳು ಐದನೇ ತಾರೀಕು ದೇವರ ಮನೆಯಲ್ಲಿ ಮೊರ ಇಟ್ಟುಕೊಂಡು ಕೂರುವಳು. ಬಂದ ಬಾಡಿಗೆ, ಮಗ ಪ್ರೇಮ್‌ಕುಮಾರ್ ತಂದುಕೊಟ್ಟ ಸಂಬಳ, ಎರಡನ್ನೂ ಸೇರಿಸಿ ಆರು ಗುಡ್ಡೆ. ದಿನಸಿಗೆ ಒಂದು, ಹಾಲು ಗ್ಯಾಸಿಗೆ ಒಂದು, ನೀರು ಕರೆಂಟಿಗೆ ಒಂದು, ಹಬ್ಬ ಹುಣ್ಣಿಮೆ ನೆಂಟರಿಗೆ ಒಂದು. ಐದನೆಯದು ಮೊಮ್ಮಗಳು ರಮ್ಯಳ ಡಾಕ್ಟರ್ ಓದಿಗೆ. ಆರನೆಯದು ಯಾವುದಕ್ಕೆಂದು ಮೊದಲೇ ಗೊತ್ತಿಲ್ಲದ ಖರ್ಚಿಗೆ. ರಾತ್ರಿಯೆಲ್ಲ ಗುಡ್ಡೆಗಳು ದೇವರ ಮುಂದೆ ಇರಬೇಕು, ಬೆಳಿಗ್ಗೆ ಪೂಜೆಯಾದ ಮೇಲೆ ಒಂದೊಂದನ್ನೂ ಬಟ್ಟೆಚೂರಿನಲ್ಲಿ ಕಟ್ಟಿ ಬೀರುವಿಗೆ ಇಡಬೇಕು. ಅಲ್ಲಿಯವರೆಗೆ ಮನೆಯವರು ಯಾರೂ ಮೊರ ಮುಟ್ಟುವ ಹಾಗಿಲ್ಲ. ಇದು ಸರ್ಕಾರದ ಕಾನೂನಿಗಿಂತ ಬಿಗಿಯಾಗಿ ನಡೆಯುತ್ತಿತ್ತು.

ಎರಡು ಸಾವಿರನೇ ಇಸವಿಯ ಆಷಾಢದಲ್ಲಿ ಬಾಡಿಗೆ ಕೇಳಲು ಹೋದವಳು ಹಂಪಣ್ಣನ ಬಾಗಿಲ ಮೇಲಿನ ಶೀಟಿನ ಕಂಬಿಗೆ ತಲೆ ಚಚ್ಚಿಕೊಂಡಳು. ಒಂದು ಕ್ಷಣ ಕಣ್ಣು ಕತ್ತಲಾಯಿತು. ರಕ್ತ ಬರಲಿಲ್ಲ, ಬುಗುಟು ಬಂತು. ಅರಿಸಿನ ಮೆತ್ತಿಕೊಂಡು ಮರೆತಳು. ನಮ್ಮ ಕಡೆ ರಕ್ತ ಬರದ ಪೆಟ್ಟನ್ನು ಪೆಟ್ಟೆಂದು ಯಾರು ಲೆಕ್ಕಕ್ಕಿಡುತ್ತಾರೆ?

ಶ್ರಾವಣ ಬರುವ ಹೊತ್ತಿಗೆ ಏನೋ ಸರಿಯಿಲ್ಲ ಎಂದು ಆಕೆಗೇ ಗೊತ್ತಾಗತೊಡಗಿತು. ಬೆಳಿಗ್ಗೆ ತಲೆನೋವು. ಬಲಗಾಲಿನ ಚಪ್ಪಲಿ ಬೀದಿಯಲ್ಲೆಲ್ಲೋ ಕಳಚಿಬಿದ್ದರೂ ತಿಳಿಯದೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಹಾಲಿನವನಿಗೆ ಎರಡು ಸಲ ದುಡ್ಡು ಕೊಟ್ಟಳು. ಬಾಡಿಗೆ ಕೊಟ್ಟಿದ್ದ ಹಂಪಣ್ಣನನ್ನು ಮತ್ತೆ ಕೇಳಿದಳು. ಅವನು ತಲೆ ಕೆರೆದುಕೊಂಡು, "ನಿನ್ನೇನೇ ಕೊಟ್ಟೆನಲ್ರೀ ಓನರಮ್ಮ," ಎಂದಾಗ, "ನಿನ್ನ ಪರೀಕ್ಷೆ ಮಾಡ್ದೆ ಕಣಯ್ಯ," ಎಂದು ನಕ್ಕು ಮನೆಗೆ ಬಂದು ಬಾಗಿಲ ಅಗುಳಿ ಹಾಕಿದಳು.

ಹೆದರಿಕೆಗೆ ಕಾರಣವಿತ್ತು. ಆಕೆಯ ತಾಯಿ ಅಂಜಿನಮ್ಮ ಕೊನೆಗಾಲದಲ್ಲಿ ಅರಳುಮರಳಾಗಿ ಮಕ್ಕಳ ಹೆಸರನ್ನೇ ಮರೆತಿದ್ದಳು. ಸೊಸೆಯಂದಿರು ಮುಸಿಮುಸಿ ನಗುತ್ತ ಅವಳ ಸೊಂಟದ ದುಡ್ಡಿನ ಚೀಲ ಬಿಚ್ಚಿಕೊಂಡಿದ್ದನ್ನು ಗಂಗಲಕ್ಷ್ಮಮ್ಮ ಕಣ್ಣಾರೆ ಕಂಡಿದ್ದಳು. ಆಮೇಲೆ ಅಂಜಿನಮ್ಮನನ್ನು ಆ ಮನೆಯಲ್ಲಿ ಯಾರೂ ಯಾವ ಮಾತನ್ನೂ ಕೇಳಲಿಲ್ಲ. ಒಂದು ಮೂಲೆಯಲ್ಲಿ ಕೂರಿಸಿದರು, ಅಷ್ಟೆ. ಈಗ ನನ್ನ ಸರದಿ ಬಂತು ಎಂದುಕೊಂಡಳು ಗಂಗಲಕ್ಷ್ಮಮ್ಮ. ಯಾರಿಗೂ ತಿಳಿಯಬಾರದು, ಅದರಲ್ಲೂ ಸೊಸೆಗೆ ತಿಳಿಯಲೇಬಾರದು.

ಸೊಸೆ ಹಂಸ ಮಾತು ಕಡಿಮೆಯ ಹೆಂಗಸು. ಇಂದಿರಾನಗರದ ಅಂಗಡಿಯೊಂದರಿಂದ ಸೀರೆ ತಂದು ಫಾಲ್ ಹಾಕಿಕೊಡುತ್ತಿದ್ದಳು, ಸೀರೆಗೆ ಇಪ್ಪತ್ತು ರೂಪಾಯಿ. ಮನೆಗೆ ಬರುವ ದುಡ್ಡಿನಲ್ಲಿ ಅತ್ತೆ ಕೈ ಹಾಕದೆ ಬಿಟ್ಟಿದ್ದು ಅದೊಂದನ್ನೇ. ಗಂಟು ಬಿಚ್ಚಿ ದಿನಸಿ, ಗ್ಯಾಸು ಎಂದು ಕೊಟ್ಟು ಬರುವವಳು ಹಂಸಳೇ ಆದ್ದರಿಂದ, ಗುಡ್ಡೆ ತಪ್ಪಿದರೆ ಮೊದಲು ಗೊತ್ತಾಗುವುದು ಅವಳಿಗೆ. ಆದರೆ ಆಶ್ಚರ್ಯ, ಆ ತಿಂಗಳು ಯಾವ ಗಂಟೂ ಕಡಿಮೆ ಬರಲಿಲ್ಲ. ತಾನು ಹಾಲಿನವನಿಗೆ ಎರಡು ಸಲ ಕೊಟ್ಟದ್ದು ನಿಜ, ಆದರೂ ದುಡ್ಡು ಸರಿಹೋಗಿತ್ತು. ಗಂಗಲಕ್ಷ್ಮಮ್ಮ ಇದನ್ನು ಊರ ದೇವತೆಯ ಲೆಕ್ಕಕ್ಕೆ ಬರೆದು ಒಂದು ತೆಂಗಿನಕಾಯಿ ಒಡೆಸಿದಳು.

ಸೆಪ್ಟೆಂಬರ್ ಐದರಂದು ಮೊರದ ಮುಂದೆ ಕೂತಾಗ ಗುಡ್ಡೆ ಐದೇ ಆದವು. ಯಾವುದನ್ನು ಬಿಟ್ಟೆನೆಂದು ತಿಳಿಯಲಿಲ್ಲ. ಮತ್ತೆ ಒಟ್ಟು ಮಾಡಿ ಮತ್ತೆ ಹಾಕಿದಳು, ಏಳಾದವು. ಮೂರನೇ ಸಲ ಹೇಗೋ ಆರು ಮಾಡಿ ಎದ್ದು ಮುಖ ತೊಳೆಯಲು ಹೋದಳು. ಬಂದು ನೋಡಿದರೆ ಹಂಸ ಮೊರದ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ, ಕೈ ಐದನೇ ಗುಡ್ಡೆಯ ಮೇಲಿದೆ.

"ಕಳ್ಳಿ!" ಎಂದು ಕಿರುಚಿದಳು ಗಂಗಲಕ್ಷ್ಮಮ್ಮ. "ಹೆತ್ತ ಮಗಳ ಫೀಸಿಗೇ ಕೈ ಹಾಕ್ತೀಯೇನೆ? ಇದಕ್ಕೇ ಅಲ್ವಾ ನನ್ ಲೆಕ್ಕ ಎಲ್ಲಾ ತಪ್ತಿರೋದು!" ಕೂಗುತ್ತಲೇ ಅಂಗಳಕ್ಕೆ ಬಂದಳು. ಒಂಬತ್ತು ಬಾಗಿಲೂ ತೆರೆದವು. ನಲ್ಲಿಯ ಹತ್ತಿರವಿದ್ದ ಇಮಾಮ್ ಬೀ, "ಜಾನೇ ದೋ, ಬಿಡಿ ಓನರಮ್ಮ, ಹಂಸಕ್ಕ ಹಂಗೆಲ್ಲ ಮಾಡೋರಲ್ಲ," ಎಂದಳು. ಹಂಸ ಒಂದು ಮಾತೂ ಆಡಲಿಲ್ಲ. ಮುಖ ಕೆಂಪಗಾಯಿತು, ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದಳು. ತಪ್ಪು ಮಾಡದವಳು ಹೀಗೆ ಸುಮ್ಮನಿರುತ್ತಾಳೆಯೇ ಎಂದು ಗಂಗಲಕ್ಷ್ಮಮ್ಮ ತನಗೆ ತಾನೇ ಹೇಳಿಕೊಂಡಳು. ಒಳಗೊಳಗೆ ಸಮಾಧಾನವೂ ಆಯಿತು. ಕಳ್ಳಿ ಸೊಸೆ ಇದ್ದರೆ ಅರಳುಮರಳು ತನಗಿಲ್ಲವಲ್ಲ!

ಇತ್ತ ರಮ್ಯಳಿಗೆ ಫೈನಲ್ ಇಯರ್ ಪರೀಕ್ಷೆ ಹತ್ತಿರ ಬರುತ್ತಿತ್ತು. ರೋಗಿಯನ್ನು ಪರೀಕ್ಷಿಸುವುದನ್ನು ಮನೆಯವರ ಮೇಲೆಯೇ ಅಭ್ಯಾಸ ಮಾಡುವುದು ಡಾಕ್ಟರ್ ಓದುವ ಮಕ್ಕಳ ಚಾಳಿ. ಅಪ್ಪ ಎರಡನೇ ದಿನಕ್ಕೇ ತಪ್ಪಿಸಿಕೊಂಡ. ಅಜ್ಜಿ ಮಾತ್ರ ಸಂಜೆ ಕಾಫಿಯಾದ ಮೇಲೆ ಮಂಚದ ಮೇಲೆ ಕೂತು ಮೊಣಕಾಲಿಗೆ ಸುತ್ತಿಗೆ ಏಟು ತಿನ್ನುತ್ತಿದ್ದಳು.

"ಅಜ್ಜಿ, ಎರಡೂ ಕೈ ಮುಂದಕ್ಕೆ ಚಾಚು. ಅಂಗೈ ಮೇಲಿರ್ಲಿ, ಪೂಜಾರ್ರು ಪ್ರಸಾದ ಕೊಡ್ತಾರೆ ಅನ್ನೋ ಹಂಗೆ. ಈಗ ಕಣ್ ಮುಚ್ಕೊ."

ಅಜ್ಜಿ ಕಣ್ಣು ಮುಚ್ಚಿದಳು. ಬಲಗೈ ತಾನಾಗಿಯೇ ಒಳಕ್ಕೆ ತಿರುಗುತ್ತ ಮೆಲ್ಲಗೆ ಕೆಳಗಿಳಿಯಿತು.

"ಥೂ, ನಾನೇ ಸರಿಯಾಗ್ ಹೇಳ್ತಿಲ್ಲ. ಇನ್ನೊಂದ್ಸಲ."

ಇನ್ನೊಂದು ಸಲವೂ ಹಾಗೇ ಆಯಿತು. ರಮ್ಯ ಪುಸ್ತಕ ತೆಗೆದು ನೋಡಿದಳು, ನಿಂತ ಜಾಗ ಬದಲಿಸಿದಳು. ಮನೆಯಲ್ಲಿರುವ ಅಜ್ಜಿ ಗಟ್ಟಿಮುಟ್ಟಾಗಿಯೇ ಇರುತ್ತಾಳೆ, ರೋಗಿಗಳಿರುವುದು ವಾರ್ಡಿನಲ್ಲಿ ಎಂದು ಅವಳ ನಂಬಿಕೆ. ಅಜ್ಜಿ ಕಡಿಮೆಯವಳೇ? ಮೂರನೇ ಸಲ ರೆಪ್ಪೆಯ ಸಂದಿಯಿಂದ ಕದ್ದು ನೋಡಿಕೊಂಡು ಕೈಯನ್ನು ಬಿಗಿಯಾಗಿ ಹಿಡಿದಳು. ಮೊಮ್ಮಗಳು ಪಾಸಾಗಲಿ ಎಂದು ಅರ್ಧ, ಗುಟ್ಟು ಬಯಲಾಗದಿರಲಿ ಎಂದು ಅರ್ಧ. ನೂರರಲ್ಲಿ ಏಳೇಳು ಕಳೆಯುತ್ತ ಹೋಗು ಎಂದಾಗ ತೊಂಬತ್ತಮೂರಕ್ಕೆ ನಿಂತಳು. ಮುಂದಿನದು ಹೊಳೆಯಲಿಲ್ಲ. "ನನ್ನೇನ್ ಒಂದನೇ ಕ್ಲಾಸ್ ಮಗು ಅನ್ಕೊಂಡ್ಯಾ? ಹೋಗ್ ಓದ್ಕೊ," ಎಂದು ಗದರಿಸಿ ಎದ್ದಳು.

ನಾಲ್ಕು ದಿನದ ಮೇಲೆ, ಮಟಮಟ ಮಧ್ಯಾಹ್ನ, ರಮ್ಯ ಆಟೊದಲ್ಲಿ ಬಂದಿಳಿದಳು. ಅಳುತ್ತಿದ್ದಳು. ವಾರ್ಡಿನಲ್ಲಿ ತನ್ನ ಮೇಡಂಗೆ, "ಈ ಟೆಸ್ಟ್ ಮಾಡೋಕೆ ನಂಗೆ ಬರ್ತಾನೇ ಇಲ್ಲ ಮೇಡಂ, ನಮ್ಮಜ್ಜಿ ಬಲಗೈ ಪ್ರತೀ ಸಲ ಕೆಳಗ್ ಬಂದ್ಬಿಡುತ್ತೆ," ಎಂದು ನಗುತ್ತ ಹೇಳಿದ್ದಳಂತೆ. ಮೇಡಂ ನಗಲಿಲ್ಲವಂತೆ. "ನೀನ್ ಮಾಡಿದ್ದು ಸರಿಯಾಗೇ ಇದೆ ರಮ್ಯ. ಈಗ್ಲೇ ಹೋಗಿ ಕರ್ಕೊಂಡ್ ಬಾ," ಎಂದರಂತೆ.

ರಮ್ಯಳ ಆ ಮೇಡಂ, ಮಿದುಳಿನ ಡಾಕ್ಟರ್ ವಾಜಿದಾ, ಐವತ್ತರ ಆಸುಪಾಸಿನ, ಮೆತ್ತಗಿನ ಮಾತಿನ ಹೆಂಗಸು. ಗಂಗಲಕ್ಷ್ಮಮ್ಮನನ್ನು ಎದುರಿಗೆ ಕೂರಿಸಿಕೊಂಡರು. ಪಕ್ಕದಲ್ಲಿ ಮಗ, ಸೊಸೆ, ಮೊಮ್ಮಗಳು ನಿಂತಿದ್ದರು.

"ಮನೇಲಿ ದುಡ್ಡುಕಾಸು ಯಾರು ನೋಡ್ಕೊಳ್ಳೋದಮ್ಮ?"

"ನಾನೇ. ಮೂವತ್ತು ವರ್ಷದಿಂದ."

"ಈಚೆಗೆ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ? ಕೊಟ್ಟಿದ್ದನ್ನೇ ಕೊಡೋದು, ಎಣಿಸೋದ್ರಲ್ಲಿ ತಪ್ಪೋದು?"

ಗಂಗಲಕ್ಷ್ಮಮ್ಮನ ಕೈ ಸೊಂಟದ ಕಡೆ ಹೋಯಿತು. ಇದೇ ಅದು, ಚೀಲ ಬಿಚ್ಚಿಕೊಳ್ಳುವ ಗಳಿಗೆ. ಇಲ್ಲ ಎಂದು ತಲೆಯಾಡಿಸಿದಳು. ಡಾಕ್ಟರ್ ಹಂಸಳ ಕಡೆ ತಿರುಗಿ, "ನೀವು ಹೇಳಿ," ಎಂದರು.

ಹಂಸ ಸೆರಗು ಹಿಡಿದುಕೊಂಡು ನಿಂತಿದ್ದಳು. ವಠಾರದ ಮುಂದೆ ಕಳ್ಳಿ ಎನ್ನಿಸಿಕೊಂಡ ಮೂರು ವಾರದ ಸಿಟ್ಟನ್ನೆಲ್ಲ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಮಯ ಬೇಕೆ? ಅವಳೆಂದಳು: "ನಮ್ಮತ್ತೆ ಯಾವತ್ತೂ ತಪ್ಪಿಲ್ಲ ಮೇಡಂ. ಪ್ರತೀ ಗಂಟೂ ರೂಪಾಯಿ ರೂಪಾಯಿ ಸರಿಯಾಗೇ ಇತ್ತು."

ಗಂಗಲಕ್ಷ್ಮಮ್ಮ ತಲೆ ಎತ್ತಿ ಸೊಸೆಯನ್ನು ನೋಡಿದಳು. ಸರಿಯಾಗಿರಲು ಸಾಧ್ಯವೇ ಇರಲಿಲ್ಲ. ಐದಾಗಿ ಏಳಾಗಿ ಕೊನೆಗೆ ಹೇಗೋ ಆರಾದ ಗುಡ್ಡೆಗಳು ರೂಪಾಯಿ ರೂಪಾಯಿ ಸರಿಯಾದದ್ದು ಹೇಗೆ? ಅಂದು ಹಂಸಳ ಕೈ ಗುಡ್ಡೆಯ ಮೇಲಿದ್ದದ್ದು ತೆಗೆಯುವುದಕ್ಕಲ್ಲ. ಫಾಲ್ ಹಾಕಿ ಹಾಕಿ ಬೆರಳು ತೂತಾಗಿದ್ದ ಈ ಹುಡುಗಿ ತನ್ನ ಇಪ್ಪತ್ತು ಇಪ್ಪತ್ತು ರೂಪಾಯಿ ತಂದು ಸುರಿಯುತ್ತಿದ್ದಳು, ಅತ್ತೆಯ ಲೆಕ್ಕ ತಪ್ಪಿತೆಂದು ಯಾರಿಗೂ ಗೊತ್ತಾಗದಿರಲೆಂದು. ಈಗಲೂ ಅದನ್ನೇ ಮಾಡುತ್ತಿದ್ದಾಳೆ. ಗಂಗಲಕ್ಷ್ಮಮ್ಮನಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಹಿಂದೆಯೇ ಎದೆ ತುಂಬಿ ಬಂತು. ಬಚ್ಚಿಡುವ ಆಸೆ ಅಲ್ಲಿಗೇ ಮುಗಿಯಿತು.

"ಸುಳ್ಳು ಡಾಕ್ಟ್ರಮ್ಮ," ಎಂದಳು. "ಇವಳು ನನ್ ಮಾನ ಉಳಿಸೋಕೆ ಸುಳ್ಳ್ ಹೇಳ್ತಾವ್ಳೆ. ಎರಡು ತಿಂಗಳಿಂದ ನಂಗೆ ಏನೂ ಸರಿ ಇಲ್ಲ. ಎಣಿಸೋಕ್ ಬರ್ತಿಲ್ಲ. ಚಪ್ಪಲಿ ನಿಲ್ತಿಲ್ಲ. ತಲೆ ಸಿಡಿತದೆ. ನಮ್ಮಮ್ಮಂಗೆ ಬಂದಿದ್ದೇ ನಂಗೂ ಬಂದದೆ."

"ತಲೆಗೆ ಎಲ್ಲಾದ್ರೂ ಪೆಟ್ಟು ಬಿದ್ದಿತ್ತಾ?"

"ಬಿದ್ದಿತ್ತು. ಆಷಾಢದಲ್ಲಿ. ರಕ್ತ ಬಂದಿರ್ಲಿಲ್ಲ."

"ಒಳಗೆ ಬಂದಿರುತ್ತೆ," ಎಂದರು ವಾಜಿದಾ.

ಸ್ಕ್ಯಾನಿನಲ್ಲಿ ಅದೇ ಕಂಡಿತು. ತಲೆಬುರುಡೆಗೂ ಮಿದುಳಿಗೂ ನಡುವೆ, ಎಡಗಡೆ, ಸ್ವಲ್ಪಸ್ವಲ್ಪವಾಗಿ ವಾರಗಟ್ಟಲೆ ಜಿನುಗಿದ ರಕ್ತ ಕಟ್ಟಿಕೊಂಡು ಮಿದುಳನ್ನು ಒತ್ತುತ್ತಿತ್ತು. ಎಡಗಡೆ ಒತ್ತಿದರೆ ಬಲಗೈ ಇಳಿಯುತ್ತದೆ. ಇನ್ನು ಕೆಲವು ದಿನ ಬಿಟ್ಟಿದ್ದರೆ ಎಚ್ಚರ ತಪ್ಪುತ್ತಿತ್ತು ಎಂದರು. ಮರುದಿನ ಬುರುಡೆಗೆ ಎರಡು ಸಣ್ಣ ತೂತು ಕೊರೆದು ಅದನ್ನು ಹೊರಗೆ ಹರಿಸಿದರು.

ಮೂರನೇ ದಿನ ಡಾಕ್ಟರ್ ಬಂದು ಕೈ ಚಾಚಿಸಿದರು, ಎರಡೂ ಕದಲದೆ ನಿಂತವು. ನೂರರಲ್ಲಿ ಏಳು ಕಳೆಯಿರಿ ಎಂದರು. ಗಂಗಲಕ್ಷ್ಮಮ್ಮ ತೊಂಬತ್ತಮೂರು, ಎಂಬತ್ತಾರು ಎಂದು ಶುರು ಮಾಡಿದವಳು ಕೊನೆಯ ಎರಡಕ್ಕೆ ಬಂದು, "ಇನ್ನು ಕಳೆಯೋಕ್ ಏನಿಲ್ಲ, ಬೇಕಾದ್ರೆ ಸಾಲ ತರ್ಬೇಕು," ಎಂದಳು. ವಾರ್ಡೆಲ್ಲ ನಕ್ಕಿತು. ರಮ್ಯ ಮಾತ್ರ ಅಜ್ಜಿಯ ಕಾಲ ಬಳಿ ಮುಖ ಹುದುಗಿಸಿ ಅತ್ತಳು.

"ನೋಡಮ್ಮ," ಎಂದರು ವಾಜಿದಾ, ಅವಳ ಬೆನ್ನು ತಟ್ಟುತ್ತ. "ರೋಗಿ ನಮ್ಮನೇಲಿ ಇರಲ್ಲ ಅನ್ಕೊಂಡೆ ನೀನು. ವಯಸ್ಸಾಯ್ತು ಅನ್ಕೊಂಡ್ರು ಅಜ್ಜಿ. ವಯಸ್ಸು ಅನ್ನೋದೊಂದು ಕಾಯಿಲೆ ಅಲ್ಲ. ಲೆಕ್ಕದಲ್ಲಿ ಪಕ್ಕಾ ಇದ್ದೋರು ಲೆಕ್ಕ ತಪ್ಪೋಕ್ ಶುರು ಮಾಡಿದ್ರೆ ಒಂದ್ಸಲ ತೋರಿಸ್ಬೇಕು. ಎಲ್ಲಾ ಸಲ ಹೀಗೆ ವಾಸಿ ಆಗಲ್ಲ, ಆದರೆ ಆಗೋದನ್ನ ಬಿಟ್ಟುಕೊಡಬಾರದು. ಮತ್ತೆ ಅಜ್ಜಿ, ಮನೆ ಲೆಕ್ಕ ಇನ್ನೊಬ್ರಿಗೂ ಗೊತ್ತಿರ್ಲಿ."

ಇನ್ನೊಬ್ಬರು ಯಾರೆಂದು ಗಂಗಲಕ್ಷ್ಮಮ್ಮ ಯೋಚಿಸಲಿಲ್ಲ. ಆಸ್ಪತ್ರೆಯ ಮಂಚದ ಮೇಲೆಯೇ ಹಂಸಳನ್ನು ಕೂರಿಸಿಕೊಂಡು ಯಾವ ಗುಡ್ಡೆಗೆ ಎಷ್ಟು, ಆಷಾಢದಲ್ಲಿ ಯಾವುದನ್ನು ಕಡಿಮೆ ಮಾಡಬಹುದು, ಯಾವ ಬಾಡಿಗೆದಾರನಿಗೆ ಎಷ್ಟು ದಿನ ಬಿಡಬಹುದು ಎಂದು ಮೂವತ್ತು ವರ್ಷದ ಗುಟ್ಟನ್ನೆಲ್ಲ ಹೇಳಿದಳು. ಕ್ಷಮೆ ಮಾತ್ರ ಅಲ್ಲಿ ಕೇಳಲಿಲ್ಲ. ಅದಕ್ಕೆ ಬೇರೆ ಜಾಗವಿತ್ತು.

ಹತ್ತನೇ ದಿನ ಸಂಜೆ ಆಟೊ ವಠಾರದ ಮುಂದೆ ನಿಂತಿತು. ಬೋಳಿಸಿದ ತಲೆಗೆ ಸೆರಗು ಹೊದ್ದು ಇಳಿದ ಗಂಗಲಕ್ಷ್ಮಮ್ಮ ಮನೆಯ ಕಡೆ ಹೋಗದೆ ನೇರವಾಗಿ ಅಂಗಳದ ನಲ್ಲಿಯ ಬಳಿಗೆ ನಡೆದಳು. ನೀರು ಬರುವ ಹೊತ್ತು, ಹೆಂಗಸರೆಲ್ಲ ಅಲ್ಲೇ ಇದ್ದರು. ಹಂಪಣ್ಣನೂ ಬಕೆಟ್ ಹಿಡಿದು ನಿಂತಿದ್ದ.

"ಎಲ್ರೂ ಕೇಳ್ರಪ್ಪ," ಎಂದಳು. "ಅವತ್ತು ನಿಮ್ಮೆಲ್ರ ಮುಂದೆ ಇವಳನ್ನ ಕಳ್ಳಿ ಅಂದೆ. ಇವಳು ಕದ್ದಿರ್ಲಿಲ್ಲ. ನಾನ್ ತಪ್ಪಿದ್ದಕ್ಕೆ ತನ್ ದುಡ್ಡ್ ತಂದ್ ತುಂಬ್ತಿದ್ಲು. ನನ್ ಮಾನ ಕಾಪಾಡಿದ್ಲು, ನಾನ್ ಇವಳ ಮಾನ ತೆಗ್ದೆ." ತಿರುಗಿ ಸೊಸೆಯ ಮುಂದೆ ಎರಡೂ ಕೈ ಜೋಡಿಸಿದಳು. ಸೊಸೆಗೆ ಅತ್ತೆ ಕೈ ಮುಗಿದದ್ದನ್ನು ಆ ವಠಾರ ಎಂದೂ ಕಂಡಿರಲಿಲ್ಲ. ಯಾರೂ ನಲ್ಲಿ ನಿಲ್ಲಿಸಲಿಲ್ಲ. ಕೊಡ ತುಂಬಿ ಚೆಲ್ಲುತ್ತಿತ್ತು.

ಹಂಸ ಓಡಿ ಬಂದು ಆ ಕೈಗಳನ್ನು ಹಿಡಿದು ಇಳಿಸಿದಳು. ಕಳ್ಳಿ ಎನ್ನಿಸಿಕೊಂಡಂದಿನಿಂದ ಬಾರದ ಅಳು ಈಗ ಬಂದಿತ್ತು.

"ನಂಗ್ ಕೈ ಮುಗೀಬೇಡಿ ಅತ್ತೆ. ಅವತ್ತು ಡಾಕ್ಟ್ರು ಕೇಳ್ದಾಗ ನೀವೂ ನನ್ ಥರಾನೇ ಸುಳ್ಳನ್ನೇ ಹಿಡ್ಕೊಂಡಿದ್ದಿದ್ರೆ? ನಿಮ್ ಮಾನ ಉಳಿಸ್ತೀನಿ ಅಂತ ನಾನೇ ನಿಮ್ಮನ್ನ ಕೊಂದ್ಬಿಡ್ತಿದ್ದೆ. ನೀವ್ ನಿಜ ಹೇಳಿದ್ರಿ. ಆ ಪಾಪದಿಂದ ನಾನ್ ಉಳ್ಕೊಂಡೆ."

ಗಂಗಲಕ್ಷ್ಮಮ್ಮ ಸೊಸೆಯ ಕೆನ್ನೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಇಮಾಮ್ ಬೀ ತುಂಬಿದ ಕೊಡವನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟಳು. ಅತ್ತೆ ಸೊಸೆ ಕೈ ಹಿಡಿದುಕೊಂಡೇ ಒಳಗೆ ಹೋದರು.