ಯಾನಮ್ಮನ ಕಡೆಯ ಸಿನಿಮಾ

ಯಾನ್‌ಪಿಂಗ್ ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ನಮ್ಮ ಪಕ್ಕದ ಮನೆಯವಳು. ಚೀನಾದಲ್ಲಿ ಒಬ್ಬಳೇ ಕ್ಯಾಮೆರಾ ಹೊತ್ತು ಮೂರು ಸಾಕ್ಷ್ಯಚಿತ್ರ ಮಾಡಿದ್ದಳು. ಒಂದನ್ನೂ ಅಲ್ಲಿ ತೋರಿಸಲು ಸರ್ಕಾರ ಬಿಡಲಿಲ್ಲ. ಇಲ್ಲಿ ವಾರವಿಡೀ ಡೇಕೇರ್‌ನಲ್ಲಿ ದುಡಿದು, ರಜೆಯ ದಿನ ನಾಲ್ಕನೆಯದರ ಶೂಟಿಂಗ್ ಮಾಡುತ್ತಿದ್ದಳು. ಇಲ್ಲಿ ನೆಲೆಸಿದ ಮಕ್ಕಳ ಮನೆಗೆ ಊರಿನಿಂದ ಆರು ತಿಂಗಳ ಮಟ್ಟಿಗೆ ಬರುವ ಅಜ್ಜಿಯರ ಚಿತ್ರ ಅದು.

2022ರಲ್ಲಿ ಮೈಸೂರಿನಿಂದ ಬಂದಿದ್ದ ನನ್ನ ಅತ್ತೆ ರಾಜಲಕ್ಷ್ಮಿ ಅವಳಿಗೆ ಸಿಕ್ಕಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಪಾರ್ಕಿಂಗ್ ಲಾಟಿನ ಬೆಂಚಿನ ಮೇಲೆ ಗಂಟೆಗಟ್ಟಲೆ ಕೂರುತ್ತಿದ್ದರು. ಅತ್ತೆ ಅವಳನ್ನು ಯಾನಮ್ಮ ಎಂದೇ ಕರೆದರು. ಅತ್ತೆಯ ಮಾತಿನ ಇಂಗ್ಲಿಷ್ ಅನುವಾದವನ್ನು ಕಡೆಯಲ್ಲಿ ನಾನು ಮಾಡಿಕೊಡುವುದೆಂದು ಮಾತಾಗಿತ್ತು.

ಯಾನ್‌ಪಿಂಗ್‌ಳದು ಒಂದು ಹಟ. ಚಿತ್ರದಲ್ಲಿರುವವರಿಗೆ ಮೊದಲು ಅವರ ಭಾಗ ತೋರಿಸಬೇಕು, ಅವರು ಒಪ್ಪಿದರಷ್ಟೇ ಉಳಿಸಿಕೊಳ್ಳುವುದು. ಅಕ್ಟೋಬರಿನಲ್ಲಿ ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದಳು. ಅತ್ತೆಯದೇ ನಲವತ್ತು ನಿಮಿಷ. ಶುರುವಿನಲ್ಲೇ ಅತ್ತೆ ಕ್ಯಾಮೆರಾಕ್ಕೆ ಹೇಳುತ್ತಿದ್ದರು:

"ನನ್ ಸೊಸೆ ಕೆಟ್ಟೋಳಲ್ಲ ಯಾನಮ್ಮ. ಊಟ ಆಯ್ತಾ ಅಂತ ಕೇಳ್ತಾಳೆ, ಉತ್ತರ ಕೇಳಿಸ್ಕೊಳ್ಳೋಕೆ ನಿಲ್ಲಲ್ಲ. ನಿನಗೇನೂ ಅರ್ಥ ಆಗ್ದಿದ್ರೂ ಕೂತಿರ್ತೀಯ."

ನನಗೆ ಮೈಯೆಲ್ಲ ಉರಿಯಿತು. ಮುಗಿದ ಮೇಲೆ ಅತ್ತೆ, "ಚೆನ್ನಾಗಿದೆ, ಹಾಕ್ಕೊಳ್ಳಲಿ ಅಂತ ಹೇಳು ಮಧುರಾ," ಅಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು, "ಅವರಿಗೆ ಇಷ್ಟವಿಲ್ಲ, ಬೇಡವಂತೆ."

ಯಾನ್‌ಪಿಂಗ್ ಅತ್ತೆಯ ಮುಖ ನೋಡಿದಳು. ಅವರು ನಗುತ್ತ, ನಮ್ಮವರು ಆಗಲಿ ಎನ್ನುವಾಗ ಮಾಡುವಂತೆ, ತಲೆಯನ್ನು ಅತ್ತಿತ್ತ ಆಡಿಸಿದರು. ಅವಳು ಅದನ್ನೂ ಬೇಡವೆಂದೇ ತಿಳಿದಳು. ಗಂಡನಿಗೆ ನಾನು, ನಮಗೆ ಗ್ರೀನ್ ಕಾರ್ಡ್ ಬರುವ ಮುಂಚೆ ಕ್ಯಾಮೆರಾ ಸಹವಾಸ ಯಾಕೆ ಎಂದು ಕಾರಣ ಕೊಟ್ಟೆ. ನಿಜವಾದ ಕಾರಣ ಅತ್ತೆಯ ಆ ಮಾತು; ಕುಂಬಳಕಾಯಿ ಕಳ್ಳಿ ಹೆಗಲು ಮುಟ್ಟಿ ನೋಡಿಕೊಂಡಿದ್ದಳು, ಅಷ್ಟೆ.

ಅತ್ತೆಯ ಭಾಗವಿಲ್ಲದೆ ಚಿತ್ರ ಪೂರ್ತಿಯಾಗಲೇ ಇಲ್ಲ. ಅದನ್ನು ಆಯ್ಕೆ ಮಾಡಿದ್ದ ಚಿತ್ರೋತ್ಸವವೂ ಕೈಬಿಟ್ಟಿತು. ಯಾನ್‌ಪಿಂಗ್ ಕ್ಯಾಮೆರಾ ಮಾರಿ, ದೂರದ ಅಲ್ಫರೆಟಾ ಊರಿನಲ್ಲಿರುವ ತಂಗಿಯ ಹತ್ತಿರ ಹೋದಳು. ಮತ್ತೆ ಸಿನಿಮಾ ಮಾಡಲಿಲ್ಲ.

ಕಳೆದ ತಿಂಗಳು ಮೈಸೂರಿನಲ್ಲಿ ಅತ್ತೆ ತೀರಿಕೊಂಡರು. ಅವರ ದನಿಯ ಒಂದು ರೆಕಾರ್ಡಿಂಗೂ ನಮ್ಮಲ್ಲಿ ಇಲ್ಲ. ನಾಚಿಕೆ ಬಿಟ್ಟು ಯಾನ್‌ಪಿಂಗ್‌ಗೆ ಫೋನ್ ಮಾಡಿದೆ. ನನ್ನ ಸುಳ್ಳನ್ನು ಒಪ್ಪಿಕೊಂಡು, ಆ ನಲವತ್ತು ನಿಮಿಷ ಕೊಡು ಎಂದು ಬೇಡಿಕೊಂಡೆ.

"ಬೇಡ ಅಂದವರದ್ದನ್ನು ನಾನು ಇಟ್ಕೊಳ್ಳಲ್ಲ. ಶೂಟ್ ಮಾಡಿದ್ದನ್ನೆಲ್ಲ ಅವತ್ತೇ ಅಳಿಸಿದೆ," ಅಂದಳು. "ಹಿಂದೆ ನಾನು ಅಳಿಸದೆ ಇಟ್ಟಿದ್ದ ಒಂದು ಟೇಪಿನಿಂದ ಚೀನಾದಲ್ಲಿ ಒಬ್ಬ ಹೆಂಗಸಿಗೆ ಸರ್ಕಾರದಿಂದ ತೊಂದರೆ ಆಗಿತ್ತು."

ನಾನು ಅತ್ತುಬಿಟ್ಟೆ. ಅವಳು ಬೈಯಲಿಲ್ಲ. ಆಮೇಲೆ ಕೇಳಿದಳು, "ಅವರು ಏನೇನು ಹೇಳಿದ್ದರು? ಈಗಲಾದರೂ ಹೇಳು."

ನನ್ನ ಬಗ್ಗೆ ಆಡಿದ ಆ ಮಾತನ್ನು ಹೇಳಿದೆ. ಅತ್ತೆ ಮುಂದೆ ಹೇಳಿದ್ದನ್ನು ಅವತ್ತು ನಾನು ಕೇಳಿಸಿಕೊಂಡೇ ಇರಲಿಲ್ಲ.