ಕಾಲಿಪಾಳ ಹಾಲು

ಓಶ್ ಊರಂಚಿನಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡದ ಕಲ್ಲು ಕೊಯ್ಯುವವರಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು ಕಾಲಿಪಾ. ಅವಳ ಮಾತೆಂದರೆ ಮಾತು. ವೋಡ್ಕಾ ವಾಸನೆ ಬಂದವನಿಗೆ ಸಾರಿಲ್ಲ ಎಂದಳು, ಬೇಸಿಗೆ ಬರುವಷ್ಟರಲ್ಲಿ ಬಾಟಲಿಗಳೆಲ್ಲ ಮಾಯವಾದವು. ಬದಲಿಗೆ ಬೆಳಿಗ್ಗೆ ತಲೆಗೊಂದು ಬಟ್ಟಲು ಹಾಲು. ಎದೆಗಿಳಿದ ಕಲ್ಲಿನ ದೂಳನ್ನು ಹಾಲು ತೊಳೆದುಬಿಡುತ್ತದೆ ಎಂದು ಅವಳಪ್ಪ ಹೇಳುತ್ತಿದ್ದ. ಅವನ ಕಾಲದಲ್ಲಿ ಕಾರ್ಖಾನೆಯವರೇ ಹಾಲು ಹಂಚುತ್ತಿದ್ದರು. ಮೇಸ್ತ್ರಿ ಜುಮಾಶ್‌ಗಂತೂ ಹಾಲು ಕುಡಿದಷ್ಟು ಸಂತೋಷ, ದೂಳು ಏಳದಂತೆ ಗರಗಸಕ್ಕೆ ನೀರಿನ ಪೈಪು ಎಳೆಸುವ ತಾಪತ್ರಯ ತಪ್ಪಿತಲ್ಲ! ಇಂಥವರ ಕೈಗೆ ನೆಪ ಸಿಗಬಾರದು.

ಕೊಯ್ಯುವವರಲ್ಲಿ ಅವಳ ತಮ್ಮ ಮಾಮಿತನೂ ಒಬ್ಬ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿದವಳು ಇವಳೇ. ಅವನಿಗೆ ಮಾತ್ರ ಎರಡು ಬಟ್ಟಲು.

ಚಳಿ ಶುರುವಾಗುವ ಹೊತ್ತಿಗೆ ಎಶಿಮನ ಹೆಂಡತಿ ಬಂದಳು. ಎಶಿಮ್ ಇಲ್ಲೇ ಮಾಮಿತನ ಪಕ್ಕದಲ್ಲಿ ಕಲ್ಲು ಕೊಯ್ಯುತ್ತಿದ್ದವನು, ಕೆಮ್ಮು ಹೆಚ್ಚಾಗಿ ಊರಿಗೆ ಹೋಗಿದ್ದ. ಅವನ ಹಾಸಿಗೆ ಒಯ್ಯಲು ಬಂದಿದ್ದಳು.

"ಅಣ್ಣ ಹೇಗಿದ್ದಾರೆ?" ಎಂದು ಕೇಳಿದಳು ಕಾಲಿಪಾ.

"ಮಲಗೋಕೇ ಆಗಲ್ಲ ಕಣೇ. ಬೆನ್ನು ನೆಲಕ್ಕೆ ತಾಗಿದ್ರೆ ಉಸಿರು ಸಿಕ್ಕಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ. ದೂಳು ಎದೇಲಿ ಕೂತ್ಬಿಟ್ಟಿದೆ, ಇನ್ನು ತೆಗೆಯೋಕಾಗಲ್ಲ ಅಂದ್ರು ಡಾಕ್ಟ್ರು."

"ಹಾಲು ಕುಡಿಯೋದು ಬಿಟ್ಟಿದ್ರಾ?"

"ಬಿಡ್ತಾರಾ! ಕಾಲಿಪಾ ಹೇಳಿದ್ದಾಳೆ ಅಂತ ಈಗ್ಲೂ ಕುಡೀತಾರೆ. ಡಾಕ್ಟ್ರು ನಕ್ಕುಬಿಟ್ರು. ಹಾಲು ಹೋಗೋದು ಹೊಟ್ಟೆಗಮ್ಮಾ, ದೂಳಿರೋದು ಎದೇಲಿ ಅಂದ್ರು."

ಕಾಲಿಪಾ ಸೌಟು ಹಿಡಿದುಕೊಂಡೇ ಕಲ್ಲು ಕೊಯ್ಯುವ ಚಪ್ಪರಕ್ಕೆ ಓಡಿದಳು. ಗರಗಸ ಕಿರುಚುತ್ತಿತ್ತು. ಬಿಳಿ ದೂಳಿನೊಳಗೆ ಮಾಮಿತನ ಹುಬ್ಬು, ರೆಪ್ಪೆ, ಮೀಸೆ ಎಲ್ಲ ನರೆತಂತಿದ್ದವು. ಮುಖಕ್ಕೆ ಕಟ್ಟಬೇಕಾದ ಮಾಸ್ಕು ಗೂಟದಲ್ಲಿ ನೇತಾಡುತ್ತಿತ್ತು. ಅದರ ತುಂಬ ಹುರಿದ ಸೂರ್ಯಕಾಂತಿ ಬೀಜ.

"ಯಾಕೋ ಮೂಗಿಗೆ ಕಟ್ಟಿಲ್ಲ, ಕತ್ತೆ?"

"ಅದರಲ್ಲಿ ಉಸಿರಾಡೋಕಾಗಲ್ಲ ಅಕ್ಕ. ಎರಡೆರಡು ಬಟ್ಟಲು ಕುಡೀತೀನಲ್ಲ, ನಿನ್ನ ಹಾಲಿರೋವಾಗ ಇದ್ಯಾಕೆ?" ಅವನು ನಕ್ಕ, ಆ ನಗು ಕೆಮ್ಮಾಯಿತು.

ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಎದುರಿಗೆ ಸಿಕ್ಕವನು ಜುಮಾಶ್.

"ಸಂಜೆಯೊಳಗೆ ನೀರಿನ ಪೈಪು ಬರ್ಬೇಕು, ಎಲ್ಲರ ಮುಖಕ್ಕೂ ಸರಿಯಾದ ಮಾಸ್ಕು ಬರ್ಬೇಕು. ಇಲ್ದಿದ್ರೆ ನನ್ನ ಒಲೆ ಹೊತ್ತೋದಿಲ್ಲ!"

"ಹಾಲು ಕೊಡ್ತಿದ್ದವಳು ನೀನೇ ಅಲ್ವೇನಮ್ಮ?" ಎಂದು ಹಲ್ಲು ಕಿರಿದ ಅವನು.

"ನಾನೇ. ಅದಕ್ಕೇ ಹೇಳ್ತಿರೋದು."

ಅವಳು ಹಾಲಿನ ಕ್ಯಾನನ್ನು ಅವನ ಕಾಲ ಬುಡಕ್ಕೇ ಉರುಳಿಸಿದಳು. ಆಳುಗಳು ಒಬ್ಬೊಬ್ಬರಾಗಿ ಯಂತ್ರ ನಿಲ್ಲಿಸಿ ಅವಳ ಹಿಂದೆ ಬಂದು ನಿಂತರು. ಹಸಿದ ಹೊಟ್ಟೆಯ ಎದುರು ಜುಮಾಶ್ ಎಷ್ಟು ಹೊತ್ತು ನಿಂತಾನು? ಪೈಪು ಬಂತು, ಮಾಸ್ಕುಗಳೂ ಬಂದವು. ಮರುದಿನ ಗರಗಸದಿಂದ ದೂಳಿನ ಬದಲು ಕೆಸರು ಹರಿಯಿತು. ಹೊಸ ಮಾಸ್ಕು ಕಟ್ಟಿದ ತಮ್ಮನನ್ನು ನೋಡಿ ಅವಳು ಅಳುತ್ತಲೇ ನಕ್ಕಳು.

ಮಧ್ಯಾಹ್ನ ಉಂಡ ಮೇಲೆ ಆಳುಗಳು ಬಿಸಿಲಲ್ಲಿ ಅಡ್ಡಾದರು. ಮಾಮಿತನ ತಲೆಗೆಂದು ತನ್ನ ಕೋಟು ಮಡಚಿಕೊಂಡು ಕಾಲಿಪಾ ಹೋದಳು. ಅವನು ಗೋಡೆಗೆ ಒರಗಿ, ಕೂತಲ್ಲೇ ಕಣ್ಣು ಮುಚ್ಚಿದ್ದ.

"ಸರಿಯಾಗಿ ಮಲಗೋ, ಮರಿ."

"ಬೇಡ ಅಕ್ಕ," ಎಂದ ಅವನು ಕಣ್ಣು ತೆರೆಯದೆ. "ಈಚೀಚೆಗೆ ಹೀಗೇ ಹಾಯಾಗಿರುತ್ತೆ."