ಸ್ಕೋಪ್ಯೆಯಿಂದ ಬಂದ ಪಾಂಚೆ

ಬಿತೋಲ ಊರಿನಲ್ಲಿ ಯಾರ ಕಂಪ್ಯೂಟರ್ ಮುನಿಸಿಕೊಂಡರೂ ಜನ ನೇರ ಮೆತೋದಿಯಾನ ಅಂಗಡಿಗೆ ಬರುತ್ತಿದ್ದರು. ಹಳೆಯ ಬಜಾರಿನ ಪಕ್ಕದ ಓಣಿಯಲ್ಲಿ, ಬುರೆಕ್ ಎಂಬ ಪದರಗಡುಬಿನ ಅಂಗಡಿಗೂ ಚಪ್ಪಲಿ ಹೊಲಿಯುವವನ ಗೂಡಿಗೂ ನಡುವೆ, ಅವನದೊಂದು ಇಕ್ಕಟ್ಟಾದ ಕೋಣೆ. ಊರವರ ಬಾಯಲ್ಲಿ ಅವನು ಮೇಸ್ತ್ರಿ ಮೆತೋ. ಹೆಂಡತಿ ರತ್ಕಾ ಹಿಂದಿನ ಮೇಜಿನ ಬಳಿ ಕೂತು ಬಿಲ್ಲು ಬರೆಯುತ್ತಿದ್ದಳು, ಫೋನು ಎತ್ತುತ್ತಿದ್ದಳು. ಅವಳೂ ರಾಜಧಾನಿ ಸ್ಕೋಪ್ಯೆಯಲ್ಲಿ ಎಂಜಿನಿಯರಿಂಗ್ ಓದಿದವಳೇ. ಮೆತೋಗೆ ಅದು ಗೊತ್ತಿರಲಿಲ್ಲವೆಂದಲ್ಲ; ನೆನಪಿಟ್ಟುಕೊಳ್ಳುವ ಪ್ರಸಂಗ ಬಂದಿರಲಿಲ್ಲ.

ಆ ಸೆಪ್ಟೆಂಬರಿನಲ್ಲಿ, ಎಲ್ಲರ ಅಂಗಳದಲ್ಲೂ ಚಳಿಗಾಲದ ಚಟ್ನಿಗೆಂದು ಕೆಂಪು ಮೆಣಸಿನಕಾಯಿ ಸುಡುವ ಹೊತ್ತಿಗೆ, ನದಿಯಾಚೆಯ ಪ್ರೌಢಶಾಲೆಗೆ ಹೊಸ ಕಂಪ್ಯೂಟರುಗಳು ಬಂದವು. ಅವಕ್ಕೆ ಸಿ.ಡಿ. ಹಾಕುವ ಬಾಯಿಯೇ ಇರಲಿಲ್ಲ. ಒಂದು ಸರ್ವರ್ ಇಟ್ಟು, ತಂತಿಯ ಮೂಲಕವೇ ಎಲ್ಲ ಯಂತ್ರಗಳಿಗೂ ಆಪರೇಟಿಂಗ್ ಸಿಸ್ಟಮ್ ಇಳಿಸಬೇಕಿತ್ತು. ಮೆತೋಗೆ ಇದು ಹೊಸದಲ್ಲ. ಆದರೆ ಈ ಯಂತ್ರಗಳು ಹಟ ಹಿಡಿದವು. ಗುಂಡಿ ಒತ್ತಿದರೆ ದೊಡ್ಡದನ್ನು ತರಿಸಿಕೊಳ್ಳಲೆಂದು ಸರ್ವರಿನಿಂದ ಮೊದಲು ಒಂದು ಪುಟ್ಟ ಸಿಸ್ಟಮ್ ಇಳಿದು ಬರುತ್ತಿತ್ತು, ಎದ್ದು ಕೂರುತ್ತಿತ್ತು. ಕೂತ ಕೂಡಲೇ, 'ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಇಲ್ಲ' ಎಂದು ನೀಲಿ ಪರದೆಯ ಮೇಲೆ ಬರೆದು ಸುಮ್ಮನಾಗುತ್ತಿತ್ತು. ಕಾರ್ಡನ್ನು ನಡೆಸುವ ಆ ತಂತ್ರಾಂಶವನ್ನು, ಡ್ರೈವರನ್ನು, ಮೆತೋ ತಂದು ಸರ್ವರಿಗೆ ಹಾಕಿದ. ಮತ್ತೆ ಅದೇ ನೀಲಿ. ಬೇರೆ ಡ್ರೈವರ್ ಹಾಕಿದ. ಅದೇ.

"ಯಾರನ್ನಾದ್ರೂ ಕೇಳೋಣ್ವಾ?" ಎಂದಳು ರತ್ಕಾ.

"ಯಾರನ್ನ ಕೇಳ್ತೀಯ? ಈ ಊರಲ್ಲಿ ಕೇಳೋರೆಲ್ಲ ನನ್ನನ್ನೇ ಕೇಳೋದು."

"ಸ್ಕೋಪ್ಯೆಲಿ ಪಾಂಚೆ ಇದಾನಲ್ಲ, ನನ್ನ ಜೊತೆ ಓದಿದೋನು. ಶಾಲೆಗಳಿಗೆ ಇದೇ ಕೆಲಸ ಮಾಡ್ತಾನೆ. ನಾಳೆ ಬರ್ತೀನಿ ಅಂದಿದಾನೆ."

'ಅಂದಿದಾನೆ' ಎಂಬ ಮಾತಿಗೆ ಮೆತೋ ತಲೆಯೆತ್ತಿದ. ಅಂದರೆ ಆಗಲೇ ಮಾತಾಗಿದೆ. ತನಗೆ ಹೇಳದೆ.

ಪಾಂಚೆ ಬಂದ. ಮೆತೋ ಅಂದುಕೊಂಡಿದ್ದಕ್ಕಿಂತ ಎತ್ತರದವನು, ತಲೆತುಂಬ ಕೂದಲಿನವನು. ಬಂದವನೇ ರತ್ಕಾಳ ಎರಡೂ ಕೆನ್ನೆಗೆ ಮುತ್ತಿಟ್ಟು, "ಏನೇ, ನೀನು ಒಂಚೂರೂ ಬದಲಾಗಿಲ್ವಲ್ಲೇ!" ಎಂದ. ಆ ಕಡೆ ಎಲ್ಲರೂ ಹಾಗೇ ಮಾಡುತ್ತಾರೆ, ಎಲ್ಲರೂ ಹಾಗೇ ಹೇಳುತ್ತಾರೆ. ಆದರೂ ಮೆತೋ ಆ ಮುತ್ತುಗಳನ್ನು ಎಣಿಸಿದ.

ರತ್ಕಾಳೂ ಪಾಂಚೆಯೂ ಶಾಲೆಯ ಕೋಣೆಯಲ್ಲಿ ಸರ್ವರಿನ ಮುಂದೆ ಅಕ್ಕಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಮೆತೋ ಕಿಟಕಿಯ ಬಳಿ ತಂತಿ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಅವರ ಮಾತು ಅರ್ಧಂಬರ್ಧ ಕೇಳುತ್ತಿತ್ತು. ನಡುನಡುವೆ ರತ್ಕಾ ನಗುತ್ತಿದ್ದಳು. ಅದು ಅಂಗಡಿಯಲ್ಲಿ ಗಿರಾಕಿಗಳಿಗೆ ನಗುವ ನಗುವಲ್ಲ. ಆ ನಗುವನ್ನು ಕೇಳಿ ಎಷ್ಟು ಕಾಲವಾಯಿತೆಂದು ಮೆತೋ ಲೆಕ್ಕ ಹಾಕಲು ಹೋಗಿ, ಸಿಗದೆ, ಇನ್ನಷ್ಟು ಕುದಿದ.

ಊಟದ ಹೊತ್ತಿಗೆ ಒಂದು ಯಂತ್ರ ನೀಲಿಯಾಗದೆ ಮುಂದಕ್ಕೆ ಹೋಯಿತು. ಪಾಂಚೆ ಕುರ್ಚಿಯಿಂದ ಎಗರಿ ಚಪ್ಪಾಳೆ ಹೊಡೆದ.

"ಮೇಸ್ತ್ರಿ, ನೋಡಿದ್ಯಾ? ಬಾ ಕಾಫಿ ಕುಡಿಯೋಣ!"

"ನೀವು ಹೋಗಿ. ನಂಗೆ ತಂತಿ ಕೆಲಸ ಇದೆ."

ಅವರು ಹೋದರು. ಒಂದು ಸಾರಿಯಾದರೂ ರತ್ಕಾ 'ಬಾರೋ' ಎಂದು ಒತ್ತಾಯಿಸಬಹುದಿತ್ತು. ಒತ್ತಾಯಿಸಲಿಲ್ಲ. ಕಿಟಕಿಯಿಂದ ನೋಡಿದರೆ ಇಬ್ಬರೂ ಅಂಗಳ ದಾಟುತ್ತಿದ್ದರು. ಪಾಂಚೆ ಕೈ ಆಡಿಸುತ್ತ ಏನೋ ಹೇಳುತ್ತಿದ್ದ, ಅವಳು ತಲೆ ಬಗ್ಗಿಸಿ ಕೇಳುತ್ತಿದ್ದಳು.

ಮೆತೋ ಸರ್ವರಿನ ಮುಂದೆ ಕೂತ. ಸಂಜೆ ಮುಖ್ಯೋಪಾಧ್ಯಾಯಿನಿ ಕಲಿಯೋಪಾ ಮೇಡಂ ಪುರಸಭೆಯವರನ್ನು ಕರೆತರುವವರಿದ್ದರು. ಆಗಲಿ, ಸ್ಕೋಪ್ಯೆಯವನ ಜಾಣತನ ಅವರ ಮುಂದೆಯೇ ಬಯಲಾಗಲಿ. ರತ್ಕಾ, ಪಾಂಚೆ ಮಾಡಿಟ್ಟಿದ್ದ ಪುಟ್ಟ ಸಿಸ್ಟಮನ್ನು ಅಳಿಸಿ, ಅದರ ಜಾಗದಲ್ಲಿ ಡ್ರೈವರ್ ಇಲ್ಲದ ತನ್ನ ಹಳೆಯದನ್ನು ಇಟ್ಟ.

ಸಂಜೆ ಕಲಿಯೋಪಾ ಮೇಡಂ ಬಂದರು, ಟೈ ಕಟ್ಟಿದ ಇಬ್ಬರು ಬಂದರು. ಪಾಂಚೆ ಯಂತ್ರದ ಗುಂಡಿ ಒತ್ತಿದ. ಪುಟ್ಟ ಸಿಸ್ಟಮ್ ಇಳಿಯಿತು, ಎದ್ದು ಕೂತಿತು, ನೀಲಿಯಾಯಿತು.

ಮೆತೋ ಪಾಂಚೆಯ ಮುಖ ಪೆಚ್ಚಾಗುವುದನ್ನು ನೋಡಲು ಕಾದು ನಿಂತಿದ್ದ. ಪಾಂಚೆಯ ಮುಖಕ್ಕೆ ಏನೂ ಆಗಲಿಲ್ಲ. ಅವನು ರತ್ಕಾಳ ಕಡೆ ತಿರುಗಿ, "ಟೀಚರಮ್ಮ, ಇದ್ಯಾಕೆ ಹೀಗಾಯ್ತು? ಮಧ್ಯಾಹ್ನ ನೀನು ತೋರಿಸ್ದಾಗ ಸರಿಯಿತ್ತಲ್ಲ?" ಎಂದ.

ನೀನು ತೋರಿಸಿದಾಗ.

ಮೆತೋಗೆ ಆಗ ತಿಳಿಯಿತು. ಕಲಿಸಲು ಬಂದವನಲ್ಲ ಇವನು; ಕಲಿಯಲು ಬಂದವನು.

ರತ್ಕಾ ಕುರ್ಚಿ ಎಳೆದುಕೊಂಡು ಕಡತ ತೆರೆದಳು. ಬದಲಾದ ಹೊತ್ತು ಅಲ್ಲೇ ಬರೆದಿತ್ತು: ಅವರು ಕಾಫಿಗೆ ಹೋಗಿದ್ದ ಹೊತ್ತು. ಅವಳು ತಲೆಯೆತ್ತಿ ಒಂದೇ ಸಲ ಮೆತೋನನ್ನು ನೋಡಿದಳು. ಆಮೇಲೆ ಬಂದವರ ಕಡೆ ತಿರುಗಿ ನಕ್ಕಳು.

"ನಂದೇ ತಪ್ಪು ಮೇಡಂ. ಅವಸರದಲ್ಲಿ ಹಳೇದನ್ನ ಮೇಲೆ ಹಾಕ್ಬಿಟ್ಟಿದೀನಿ. ಒಂಚೂರು ಇರಿ."

ಬೆರಳುಗಳು ಓಡಿದವು. ಎಲ್ಲವನ್ನೂ ಅವಳು ಮೊದಲಿನಿಂದ ಕಟ್ಟಿದಳು, ಪಾಂಚೆಯನ್ನು ಏನೂ ಕೇಳದೆ. ಕೆಲಸ ಮಾಡುತ್ತಲೇ ಮೇಡಂಗೆ ವಿವರಿಸಿದಳು: "ದೊಡ್ಡ ಸಿಸ್ಟಮಿಗೆ ಡ್ರೈವರ್ ಹಾಕಿದ್ರೆ ಸಾಲಲ್ಲ. ಮೊದಲು ಇಳಿದು ಬರುತ್ತಲ್ಲ ಈ ಪುಟ್ಟದು, ಇದಕ್ಕೂ ಹಾಕ್ಬೇಕು. ಇದಕ್ಕೇ ಕಾರ್ಡಿನ ಗುರುತಿಲ್ದಿದ್ರೆ ದೊಡ್ಡದನ್ನ ಯಾರ ಹತ್ರ ಕೇಳುತ್ತೆ ಹೇಳಿ?"

ಪರದೆಗಳು ಸಾಲಾಗಿ ಬೆಳಗಿದವು. ಟೈ ಕಟ್ಟಿದವರು ಕೈ ಕುಲುಕಿದರು, ರತ್ಕಾಳ ಕೈಯನ್ನು.

ಇಬ್ಬರೂ ಕಾರಿನಲ್ಲಿ ಮನೆಗೆ ಹೊರಟರು. ಸೇತುವೆ ದಾಟಿದ ಮೇಲೆ ಮೆತೋ ಕೇಳಿದ: "ಅಲ್ಲಿ ಯಾಕೆ ಹೇಳಲಿಲ್ಲ?"

"ಏನಂತ? ನನ್ನ ಗಂಡನಿಗೆ ಹೊಟ್ಟೆಕಿಚ್ಚು ಅಂತಲಾ?"

"ಅವನ ಜೊತೆ ಅಷ್ಟು ನಗ್ತಿದ್ದೆ."

"ಹೂಂ, ನಗ್ತಿದ್ದೆ. ನಾನು ಹೇಳಿದ್ದು ಅವನಿಗೆ ಅರ್ಥ ಆಗ್ತಿತ್ತು ಮೆತೋ. ಹೋದ ವಾರಾನೇ ನಿಂಗೂ ಹೇಳಿದ್ದೆ, ಡ್ರೈವರ್ ಹಾಕ್ಬೇಕಾದ ಜಾಗ ಬೇರೆ ಅಂತ. ಬಿಲ್ಲು ಆಯ್ತಾ ಅಂತ ಕೇಳ್ದೆ ನೀನು."

"ಮತ್ತೆ ಅವನನ್ನ ಯಾಕೆ ಕರೆಸ್ದೆ?"

"ನಾನು ಹೇಳಿದ್ರೆ ನೀನು ಕೇಳಲ್ಲ. ಮೀಸೆ ಇರೋರು ಯಾರಾದ್ರೂ ಹೇಳಿದ್ರೆ ಕೇಳ್ತೀಯೇನೋ ಅಂತ." ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. "ಅವನಿಗೂ ಬೇಕಿತ್ತು. ಫೋನಲ್ಲಿ ಹೇಳಿದ್ದು ತಲೆಗೆ ಹೋಗ್ಲಿಲ್ಲ, ಕಣ್ಣಾರೆ ನೋಡ್ತೀನಿ ಅಂದ. ಪ್ರಿಲೆಪ್, ಓಹ್ರಿದ್ ಕಡೆ ಶಾಲೆಗಳ ಕೆಲಸ ನಂಗೇ ಕೊಡ್ತಾನಂತೆ. ಮಧ್ಯಾಹ್ನ ಅಂಗಳದಲ್ಲಿ ಅದನ್ನೇ ಹೇಳ್ತಿದ್ದ. ಒಪ್ಕೊಂಡೆ."

'ನಮಗೆ' ಎನ್ನಲಿಲ್ಲ, 'ನಂಗೇ' ಎಂದಳು. ಪಾಂಚೆಯ ಮೇಲಿದ್ದ ಉರಿ ಆ ಕ್ಷಣವೇ ಆರಿತು. ಆರಿದ ಜಾಗದಲ್ಲಿ ಬೇರೊಂದು ಹೊತ್ತಿಕೊಂಡಿತು. ಬೇರೆ ಗಂಡಸಿನ ಮೇಲಿನ ಕಿಚ್ಚಾದರೆ ಜಗಳವಾಡಬಹುದು, ಬಯ್ಯಬಹುದು, ಬಾಗಿಲು ಹಾಕಬಹುದು. ಇದು ಪಕ್ಕದ ಸೀಟಿನಲ್ಲೇ ಕೂತಿತ್ತು, ಅವನ ಮನೆಯಲ್ಲೇ ಉಣ್ಣುತ್ತಿತ್ತು.

"ಕ್ಷಮಿಸು" ಎಂದ.

"ಅಳಿಸಿದ್ದಕ್ಕೋ, ಕೇಳದೇ ಇದ್ದಿದ್ದಕ್ಕೋ?"

ಯಾವುದಕ್ಕೆಂದು ಮೆತೋಗೂ ತಿಳಿದಿರಲಿಲ್ಲ.

ಚಳಿಗಾಲ ಕಾಲಿಡುವ ಹೊತ್ತಿಗೆ ಪ್ರಿಲೆಪಿನ ಶಾಲೆಯ ಕೆಲಸ ಶುರುವಾಯಿತು. ರತ್ಕಾ ಕರೆಯಲಿಲ್ಲ, ಮೆತೋ ತಾನೇ ಅಂಗಡಿಗೆ ಬೀಗ ಹಾಕಿ ಕಾರು ತೆಗೆದ. ಅಲ್ಲಿ ಅವನು ನೆಲದ ಮೇಲೆ ಮೊಣಕಾಲೂರಿ ತಂತಿ ಸಿಕ್ಕಿಸುತ್ತಿದ್ದಾಗ ಬಾಗಿಲಲ್ಲಿ ನಿಂತ ಮೇಷ್ಟರೊಬ್ಬರು ಇನ್ನೊಬ್ಬರನ್ನು ಕೇಳಿದರು: "ಇವರ್ಯಾರು?"

"ರತ್ಕಾ ಮೇಡಂ ಅವರ ಗಂಡ ಅಂತೆ. ತಂತಿ ಕೆಲಸ ಮಾಡ್ತಾರೆ."

ಎದೆಯಲ್ಲಿ ಚುರ್ರೆಂದಿತು. ಬಹಳ ದಿನ ಹೀಗೇ ಚುರ್ರೆನ್ನುತ್ತಲೇ ಇರುತ್ತದೆಂದು ಅವನಿಗೆ ಅನಿಸಿತು. ಅಷ್ಟರಲ್ಲಿ ರತ್ಕಾ ಸರ್ವರಿನ ಹಿಂದಿನಿಂದ ಕೂಗಿದಳು: "ಮೆತೋ, ಕೊನೇ ಸಾಲಿನ ಕಾರ್ಡೇ ಬೇರೆ ಥರ ಇದೆ, ಬಾ ನೋಡು!"

ಅವನು ಎದ್ದು, ಮಂಡಿಯ ಧೂಳು ಕೊಡವಿಕೊಂಡು, ಅವಳ ಪಕ್ಕದ ಕುರ್ಚಿ ಎಳೆದುಕೊಂಡ. "ಹೇಳು" ಎಂದ. ಅವಳು ಹೇಳತೊಡಗಿದಳು. ಈ ಸಲ ಅವನು ನಡುವೆ ಬಾಯಿ ಹಾಕಲಿಲ್ಲ.